ಬ್ಯಾಚ್ ನಲವತ್ತೇಳು

ಸಿದ್ದಾಪುರದ ಪೇಟೆ ದಾಟಿ, ಮರದ ಡಿಪೋದ ಹಿಂದೆ,
ತಗಡಿನ ಮಾಡಿನ ಕೆಳಗೆ ನಾವು ಮೂವರು.
ಸೈನಬ ತೂಗುತ್ತಾಳೆ, ಚೋಮಿ ತುಂಬುತ್ತಾಳೆ,
ನಾನು ಬಾಯಿ ಮುಚ್ಚುತ್ತೇನೆ.
ಪೊಟ್ಟಣದ ಬಾಯಿ, ಅಂತ ಬಿಡಿಸಿ ಹೇಳಬೇಕು;
ಇಲ್ಲದಿದ್ದರೆ ಸೈನಬ ನಗುತ್ತಾಳೆ,
ನಿನ್ನದಕ್ಕೆ ಇನ್ನೂ ಮಿಷನ್ ಬಂದಿಲ್ಲ ಅಂತ.

ನೂರ ಎಪ್ಪತ್ತು ಡಿಗ್ರಿ. ಕರೆಂಟು ಡಲ್ಲಾದರೆ
ನೂರ ನಲವತ್ತು; ಆಗ ಅಂಚು ಕೂಡುವುದಿಲ್ಲ,
ಕೂಡಿದಂತೆ ನಟಿಸುತ್ತದೆ.
ಬೆರಳಿಂದ ಎಳೆದರಷ್ಟೇ ಸಿಕ್ಕಿಬೀಳುವ ಸುಳ್ಳು.
ಕಾಫಿಪುಡಿಯ ಒಂದೇ ಒಂದು ಕಣ ನಡುವೆ ಕೂತರೂ ಸಾಕು,
ಕಕ್ಕಡದ ಮಳೆ ಅಷ್ಟೇ ಜಾಗದಲ್ಲಿ ನುಸುಳಿ
ಮಡಿಕೇರಿಯ ಯಾವುದೋ ಅಂಗಡಿಯ ಹಲಗೆ ಮೇಲೆ
ಇಡೀ ಪುಡಿಯನ್ನು ಹೆಂಟೆ ಮಾಡಿಬಿಡುತ್ತದೆ.

ಮುತ್ತವ್ವ ಮೊದಲ ದಿನ ಒಂದು ಪೌಚನ್ನು
ಈರುಳ್ಳಿಯ ಹಾಗೆ ಸುಲಿದು ತೋರಿಸಿದ್ದರು:
ಮೇಲಿನದು ಬಣ್ಣ ಹಿಡಿಯಲಿಕ್ಕೆ,
ನಡುವಿನ ಬೆಳ್ಳಿ ಬೆಳಕು ತಡೆಯಲಿಕ್ಕೆ,
ಒಳಗಿನದು ಕರಗಿ ಅಂಟಲಿಕ್ಕೆ.
ಮೂರೂ ಸೇರಿ ಒಂದು ಕೂದಲಿನಷ್ಟು ದಪ್ಪ, ಅಂದರು.
ನನ್ನ ತಲೆಯಿಂದ ಒಂದೆಳೆ ಕಿತ್ತು ಹೋಲಿಸಿ ನೋಡಿದೆ.
ಮರುದಿನದಿಂದ ನಮಗೆಲ್ಲ ಟೋಪಿ.

ಹುರಿದ ಬೀಜಕ್ಕೆ ಮಾತ್ರ ಬೇರೆ ಚೀಲ.
ಒಲೆಯಿಂದ ಇಳಿದ ಮೇಲೂ ದಿನಗಟ್ಟಲೆ ಅದು ಉಸಿರು ಬಿಡುತ್ತದೆ,
ಸುಮ್ಮನೆ ಮುಚ್ಚಿಟ್ಟರೆ ಚೀಲ ಬಸುರಿಯ ಹೊಟ್ಟೆ.
ಅದಕ್ಕೇ ಅಂಗಿಯ ಗುಂಡಿಯಷ್ಟು ಒಂದು ಕವಾಟ:
ಒಳಗಿನದು ಹೊರಗೆ ಹೋಗಬಹುದು,
ಹೊರಗಿನದು ಒಳಗೆ ಬರಕೂಡದು.
ನನ್ನ ಅತ್ತೆಮನೆ ಇದರ ಉಲ್ಟಾ, ಅಂದಳು ಸೈನಬ.

ನನ್ನಮ್ಮ ಬಾಳೆಲೆಯನ್ನು ಕೆಂಡದ ಮೇಲೆ ಆಡಿಸುತ್ತಿದ್ದಳು.
ಹಸಿರು ಒಮ್ಮೆ ಕಡುವಾಗಿ, ಮಿರುಗಿ, ಸೋತು,
ಹೇಳಿದಲ್ಲಿ ಮಡಚಿಕೊಳ್ಳುತ್ತಿತ್ತು.
ಹಲಸಿನ ಹಿಟ್ಟು ಅದರೊಳಗೆ ಬೆಂದು
ಎಲೆಯ ಗೀರುಗಳನ್ನು ಮೈಮೇಲೆ ಅಚ್ಚೊತ್ತಿಕೊಂಡು ಏಳುತ್ತಿತ್ತು.
ಅದೇ ಲೇಬಲ್ಲು.
ಸಂಜೆಯೊಳಗೆ ತಿಂದು ಮುಗಿಸಬೇಕು, ಎಲೆ ಹಟ್ಟಿಯ ಹಸುವಿಗೆ.
ಹಾಗಂತ ಹಳೆಯದನ್ನು ಹಾಡಿ ಹೊಗಳಲಾರೆ.
ಆ ಗಂಟು ಮೈಸೂರು ಮುಟ್ಟುವಷ್ಟರಲ್ಲಿ ಹಳಸುತ್ತಿತ್ತು;
ನನ್ನ ಶನಿವಾರದ ಕೂಲಿ ಬರುವುದು
ಹಳಸದೆ ಉಳಿಯುವ ತಿಂಗಳುಗಳಿಂದ.

ಹೋದ ತಿಂಗಳು ಒಂದು ರಾತ್ರಿ
ಶೆಡ್ಡಿನ ಹಿಂಬದಿಯ ತಗಡು ಒಳಕ್ಕೆ ಬಾಗಿತು.
ನೇಂದ್ರಬಾಳೆ ಚಿಪ್ಸಿನ ಎರಡು ರಟ್ಟಿನ ಪೆಟ್ಟಿಗೆ ಖಾಲಿ.
ಕೆಸರಿನಲ್ಲಿ ಕಳ್ಳನ ಹೆಜ್ಜೆ,
ಮೊರದಷ್ಟು ಅಗಲ.

ನಾಲ್ಕನೇ ದಿನ, ಕೆಲಸಕ್ಕೆ ಬರುವ ತೋಟದ ದಾರಿಯಲ್ಲಿ ಲದ್ದಿ.
ಚೋಮಿ ಕೋಲಿನಿಂದ ಕೆದಕಿದಳು. ಅವಳಿಗೆ ಅದು ಓದು;
ಯಾವ ಕಾಡಿನದು, ಎಷ್ಟು ಪ್ರಾಯದ್ದು, ಹೇಳಬಲ್ಲಳು.
ಬಿದಿರಿನ ನಾರು, ಕಾಫಿ ಬೀಜ, ಹಲಸಿನ ಬೀಜ,
ನಡುವೆ ಫಳಕ್ಕೆಂದಿತು ಬೆಳ್ಳಿ.

ತೋಡಿನ ನೀರಲ್ಲಿ ತೊಳೆದಳು.
ಬಣ್ಣ ಮಾಸಿಲ್ಲ. ಚಿತ್ರದ ಚಿಪ್ಸ್ ಇನ್ನೂ ಗರಿಗರಿ.
ಹರಿದದ್ದು ಪಕ್ಕದಲ್ಲಿ; ನಾನು ಕೂಡಿಸಿದ ಅಂಚು
ಕೂಡಿಕೊಂಡೇ ಇತ್ತು.
ಅಭ್ಯಾಸ ಬಲ, ಎಳೆದು ನೋಡಿದೆ. ಬಿಡಲಿಲ್ಲ.
ಕೆಳಗೆ ನನ್ನ ಕೈಯ ಠಸ್ಸೆ: ಬ್ಯಾಚ್ ನಲವತ್ತೇಳು,
ನಾಲ್ಕು ತಿಂಗಳೊಳಗೆ ಬಳಸಿ.

ಸುಳ್ಳು ಯಾಕೆ, ಒಂದು ಗಳಿಗೆ ಹೆಮ್ಮೆಯೇ ಆಯಿತು.
ಅಷ್ಟು ದೊಡ್ಡ ಹೊಟ್ಟೆಯ ಬೆಂಕಿಗೂ
ಸೋಲಲಿಲ್ಲವಲ್ಲ ನನ್ನ ಕೆಲಸ, ಅಂತ.
ಆಮೇಲೆ ಲೆಕ್ಕ ತಾನಾಗಿ ಶುರುವಾಯಿತು:
ಎರಡು ಪೆಟ್ಟಿಗೆ, ಎಂಬತ್ತು ಪೊಟ್ಟಣ.
ಇದು ಒಂದು.

ಚೋಮಿ ಏನೂ ಹೇಳಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ
ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದಳು.
ಮಡಿಕೆ ನಿಲ್ಲಲಿಲ್ಲ, ದಾರಿಯುದ್ದಕ್ಕೂ ಬಿಚ್ಚಿಕೊಳ್ಳುತ್ತಲೇ ಇತ್ತು.

ಅವತ್ತು ಮಧ್ಯಾಹ್ನದವರೆಗೂ ಚಿಪ್ಸಿನ ಸರದಿ.
ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.
ಎಲ್ಲ ಗಟ್ಟಿ.
ಒಂದಾದರೂ ಬಿಡಲಿ, ಅನ್ನಿಸುತ್ತಿತ್ತು.
ತಕ್ಕಡಿಯ ಕಡೆಯಿಂದ ಸೈನಬ ಕೂಗಿದಳು,
ಏನೇ, ಕರೆಂಟು ಡಲ್ಲಾ?